ಸಂಕವ್ವೆಯ ಸ್ಥಾನವೂ ಗಣಾಚಾರದ ಹೊಣೆಯೂ

12ನೆಯ ಶತಮಾನದ ಶಿವಶರಣೆಯರ ನಾಮಾವಳಿಯನ್ನು ಓದುತ್ತ ಹೋಗುವವರಿಗೆ ಒಂದು ವಿಶೇಷವು ಕಣ್ಣಿಗೆ ಬೀಳದೆ ಇರದು. ಅನೇಕ ಶರಣೆಯರ ಹೆಸರಿನ ಮುಂಚೆ ಪತಿಯ ಹೆಸರು ಬಂದು, ಇಂಥವರ ಪುಣ್ಯಸ್ತ್ರೀ ಎಂಬ ಗೌರವದ ಮಾತು ಸೇರಿರುವದು. ಇನ್ನು ಕೆಲವರನ್ನು ಅವರವರ ದುಡಿಮೆಯಿಂದಲೇ ಗುರುತಿಸಿರುವರು: ನೂಲುವ ಕದಿರಿನಿಂದ ಕದಿರ ರೆಮ್ಮವ್ವೆ, ಧಾನ್ಯ ಕುಟ್ಟುವ ಕೊಟ್ಟಣದಿಂದ ಕೊಟ್ಟಣದ ಸೋಮಮ್ಮ. ಇದೇ ಸಾಲಿನಲ್ಲಿ, ಯಾವ ಮುಚ್ಚುಮರೆಯೂ ಇಲ್ಲದೆ, ಸೂಳೆ ಸಂಕವ್ವೆಯ ಹೆಸರೂ ನಿಂತಿರುವದು.

ಸಂಕವ್ವೆಯದೆಂದು ದೊರೆತಿರುವದು ಒಂದೇ ಒಂದು ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಒಬ್ಬನಿಂದ ಒತ್ತೆ ಪಡೆದ ಮೇಲೆ ಮತ್ತೊಬ್ಬನ ಒತ್ತೆಯನ್ನು ಹಿಡಿಯಬಾರದೆಂಬ ತನ್ನ ವೃತ್ತಿಯ ಕಟ್ಟಳೆಯನ್ನೇ ಅವಳು ಏಕದೇವನಿಷ್ಠೆಗೆ ಹೋಲಿಕೆಯಾಗಿ ಎತ್ತಿಕೊಂಡಿರುವಳು. ಲೋಕವು ಯಾವ ಬದುಕನ್ನು ಹೇಸಿ ನೂಕುತ್ತಿತ್ತೋ ಆ ಬದುಕಿನ ನುಡಿಯಲ್ಲಿಯೇ ಅವಳು ಶಿವನೊಡನೆ ಮಾತನಾಡಿದಳು. ಶರಣರು ಆ ನುಡಿಯನ್ನು ತಿದ್ದದೆ, ಮರೆಸದೆ, ತಮ್ಮ ವಚನರಾಶಿಯಲ್ಲಿ ಕಾಪಾಡಿಟ್ಟರು.

ಇದರಿಂದ ಕಲಿಯಬೇಕಾದ ಪಾಠಗಳು ಎರಡು. ಮೊದಲನೆಯದು, ಶರಣರ ಸಂಗಕ್ಕೆ ಬರುವವಳಿಗೆ ತನ್ನ ಹಿಂದಿನ ಬಾಳನ್ನು ಬಚ್ಚಿಡಬೇಕೆಂಬ ಷರತ್ತು ಇರಲಿಲ್ಲ. ಎರಡನೆಯದು, ಅವಳನ್ನು ಅಂಗೀಕರಿಸಿದುದರಿಂದ ಅವಳನ್ನು ಆ ಬಾಳಿಗೆ ನೂಕಿದ ವ್ಯವಸ್ಥೆಯು ಒಳ್ಳೆಯದೆಂದು ಯಾರೂ ಒಪ್ಪಿದಂತಾಗಲಿಲ್ಲ. ವ್ಯಕ್ತಿಗೆ ಗೌರವ ಒಂದು ಕೈಯಲ್ಲಿ, ವ್ಯವಸ್ಥೆಗೆ ವಿರೋಧ ಇನ್ನೊಂದು ಕೈಯಲ್ಲಿ. ಎರಡನ್ನೂ ಒಮ್ಮೆಲೆ ಹಿಡಿದು ನಡೆಯುವದು ಕಠಿಣ. ಇಂದು ವೇಶ್ಯಾವೃತ್ತಿಯ ವಿಷಯದಲ್ಲಿ ದುಡಿಯುತ್ತಿರುವ ಸರಕಾರ, ಪೋಲೀಸ್, ಆಸ್ಪತ್ರೆ, ನ್ಯಾಯಾಲಯ, ಸೇವಾಸಂಸ್ಥೆ, ಮಠ ಎಂಬ ಎಲ್ಲರ ಮುಂದೆಯೂ ನಿಂತಿರುವದು ಇದೇ ಕಠಿಣ ಮಾರ್ಗ. ಇವರೆಲ್ಲರೂ ಬೇರೆ ಬೇರೆಯಾಗಿ ನಡೆದರೆ ಏನಾಗುವದು, ಕೂಡಿ ನಡೆದರೆ ಏನಾಗುವದು ಎಂಬುದೇ ಈ ಪಾಠದ ವಿಷಯ.

ಕಾಯಕವೆಂಬ ಪ್ರಶ್ನೆ

ಇಲ್ಲಿ ಒಂದು ಶಂಕೆಯು ಸಹಜವಾಗಿ ಏಳುವದು. ಶರಣರು ಕಾಯಕಕ್ಕೆ ಮೇಲು ಕೀಳೆಂಬ ಭೇದವನ್ನು ಒಪ್ಪಲಿಲ್ಲ. ಹಾಗಾದರೆ ದೇಹವಿಕ್ರಯವೂ ಒಂದು ಕಾಯಕವೇ? ಶರಣಧರ್ಮದಲ್ಲಿ ಎಲ್ಲ ಸಂಪಾದನೆಯೂ ಕಾಯಕವಲ್ಲ. ಕಾಯಕವು ಸತ್ಯಶುದ್ಧವಾಗಿರಬೇಕು, ಮಾಡುವವನ ಮನಸ್ಸು ಸ್ವತಂತ್ರವಾಗಿರಬೇಕು, ಅದರಿಂದ ಮತ್ತೊಬ್ಬರಿಗೆ ಕೇಡು ತಟ್ಟಬಾರದು. ಹಸಿವು, ಸಾಲ, ಮೋಸ, ದಳ್ಳಾಳಿಯ ಬೆದರಿಕೆ ಇವುಗಳಿಂದ ಕಟ್ಟಿಹಾಕಲ್ಪಟ್ಟವಳ ದುಡಿಮೆಯಲ್ಲಿ ಸ್ವಾತಂತ್ರ್ಯವೆಲ್ಲಿಯದು? ಅಲ್ಲಿ ಸತ್ಯಶುದ್ಧಕ್ಕೆ ಎರವಾದವರು ಅವಳಿಗಿಂತ ಮೊದಲು ಅವಳನ್ನು ಮಾರಿದವರು, ಕೊಂಡವರು, ಅವಳ ಗಳಿಕೆಯ ಮೇಲೆ ಕುಳಿತು ಉಂಡವರು.

ಆದರೆ ಈ ವೃತ್ತಿಯಲ್ಲಿರುವ ಸ್ತ್ರೀಯರಲ್ಲಿ ಕೆಲವರು ಬೇರೊಂದು ಮಾತನ್ನೂ ಆಡುತ್ತಾರೆ. ಕರ್ನಾಟಕದ ಗಡಿಯಾಚೆಗಿನ ಸಾಂಗಲಿಯಲ್ಲಿ 1992ರಿಂದ ಸಂಗ್ರಾಮ್ ಎಂಬ ಸಂಸ್ಥೆಯು ಕಾರ್ಯ ಮಾಡುತ್ತ ಬಂದಿದೆ. ಅದರ ಆಶ್ರಯದಲ್ಲಿ 1996ರಲ್ಲಿ ಈ ಸ್ತ್ರೀಯರೇ ಕೂಡಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತನ್ನು ಕಟ್ಟಿಕೊಂಡರು. ಸಾಂಗಲಿ, ಮಿರಜ, ಕೊಲ್ಲಾಪುರ, ನಿಪ್ಪಾಣಿಗಳ ಈ ಸಂಘಟನೆಯಲ್ಲಿ ಕನ್ನಡ ಮಾತನಾಡುವ ಹೆಣ್ಣುಮಕ್ಕಳು ಅನೇಕರಿರುವರು. ತಮ್ಮದು ದುಡಿಮೆಯೇ, ತಮ್ಮನ್ನು ಕೇಳದೆ ಎಳೆದೊಯ್ದು ಉದ್ಧರಿಸುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಅವರ ವಾದ. ಈ ವಾದವನ್ನು ಶರಣಧರ್ಮದ ಅಭ್ಯಾಸಿಯು ಪೂರ್ಣವಾಗಿ ಒಪ್ಪದಿರಬಹುದು. ಆದರೆ ಆಡುವವರು ಯಾರೆಂಬುದನ್ನು ನೆನೆದು ಅದನ್ನು ಕೇಳಿಸಿಕೊಳ್ಳಲೇಬೇಕು. ವೃತ್ತಿಯ ಕುರಿತಾದ ಈ ವಿವಾದವು ತೀರುವವರೆಗೆ ರೋಗಿಗೆ ಔಷಧ, ಮಗುವಿಗೆ ಶಾಲೆ, ಪೆಟ್ಟು ತಿಂದವಳಿಗೆ ರಕ್ಷಣೆ ಕಾಯಬೇಕಾಗಿಲ್ಲ. ಬೇರೆ ಬೇರೆ ಅಭಿಪ್ರಾಯದವರು ಕೂಡಿ ಮಾಡಬಹುದಾದ ಕೆಲಸವು ಇಲ್ಲಿಂದಲೇ ಆರಂಭವಾಗುವದು.

ಗಣಾಚಾರ ಮತ್ತು ಭೃತ್ಯಾಚಾರ

ಪಂಚಾಚಾರಗಳಲ್ಲಿ ಗಣಾಚಾರವೂ ಭೃತ್ಯಾಚಾರವೂ ಜೋಡಿಯಾಗಿ ಬರುವವು. ಅನ್ಯಾಯವನ್ನು ಕಂಡು ಸುಮ್ಮನಿರದೆ ಸಮೂಹವಾಗಿ ಎದ್ದು ನಿಲ್ಲುವದು ಗಣಾಚಾರ. ತಾನು ಎಲ್ಲರಿಗಿಂತ ಕಿರಿಯನೆಂದು, ಸೇವಕನೆಂದು ತಿಳಿದು ನಡೆಯುವದು ಭೃತ್ಯಾಚಾರ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಸೇವೆಯು ದರ್ಪವಾಗುವದು: ನಾಲ್ಕು ಜನ ದೊಡ್ಡವರು ಕೂಡಿ, ಬಿದ್ದವಳನ್ನು ಎತ್ತಿದೆವೆಂಬ ಹಮ್ಮಿನಲ್ಲಿ, ಅವಳ ಮಾತನ್ನೇ ಕೇಳದೆ ತೀರ್ಮಾನಗಳನ್ನು ಮಾಡಿಬಿಡುವರು. ಎರಡನೆಯದು ಇದ್ದು ಮೊದಲನೆಯದು ಇಲ್ಲದಿದ್ದರೆ ಮನೆಯಲ್ಲಿ ಕುಳಿತು ಮರುಗುವದಷ್ಟೇ ಆಗುವದು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇದೇ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸ, ಬಂದವರು ಶಿವಸ್ವರೂಪರು. ಇಲಾಖೆಯೊಂದು ಕಡತವನ್ನು ತೆರೆಯುವಾಗಲೂ ಈ ಭಾವವು ಇರಬಲ್ಲುದೆಂಬುದನ್ನು ಮುಂದೆ ಕಾಣಬಹುದು.

ಗುಡ್ಡದ ನೆರೆಯ ನಾಡು

ಮಡಿವಾಳೇಶ್ವರರ ಗದ್ದುಗೆಯಿಂದ ಪಾವನವಾದ ಗರಗವು ಧಾರವಾಡ ತಾಲೂಕಿನ ಊರು. ರಾಷ್ಟ್ರಧ್ವಜದ ಖಾದಿ ಬಟ್ಟೆಯಿಂದಲೂ ಅದು ದೇಶಕ್ಕೆ ಪರಿಚಿತವಾಗಿರುವದು. 1954ರಲ್ಲಿ ಸ್ಥಾಪಿತವಾದ ಗರಗ ಕ್ಷೇತ್ರೀಯ ಸೇವಾ ಸಂಘದ ನೂಲುವ, ನೇಯುವ ಕೆಲಸವು ಅನೇಕ ಹೆಣ್ಣುಮಕ್ಕಳಿಗೆ ಮನೆಯ ಹತ್ತಿರವೇ ಗೌರವದ ಕೂಲಿಯನ್ನು ಒದಗಿಸಿತು. ಕದಿರ ರೆಮ್ಮವ್ವೆಯ ಕಾಯಕವು ಇಲ್ಲಿ ಸ್ವತಂತ್ರ ಭಾರತದ ಧ್ವಜವಾಯಿತೆಂದರೆ ಅತಿಶಯೋಕ್ತಿಯಾಗದು. ಊರಲ್ಲಿಯೇ ಕೂಲಿ ದೊರೆತ ಹೆಣ್ಣುಮಗಳನ್ನು ದಳ್ಳಾಳಿಯು ಸುಲಭವಾಗಿ ಮರುಳುಗೊಳಿಸಲಾರನೆಂಬುದನ್ನು ಈ ಉದಾಹರಣೆಯಿಂದ ಮೊದಲು ಮನಗಾಣಬೇಕು.

ಗರಗಕ್ಕೆ ದೂರವಲ್ಲದ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡವಿರುವದು. ಲಕ್ಷಾಂತರ ಭಕ್ತರು ಅಲ್ಲಿಗೆ ನಿರ್ಮಲವಾದ ಭಕ್ತಿಯಿಂದ ಹೋಗಿ ಬರುವರು. ಆದರೆ ಭಾರತ ಹುಣ್ಣಿಮೆ ಮೊದಲಾದ ಹುಣ್ಣಿಮೆಗಳಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ರೂಢಿಯೂ ಇದೇ ಭಕ್ತಿಯ ನೆರಳಿನಲ್ಲಿ ಬಹುಕಾಲ ಬೆಳೆದುಬಂದಿತು. ಬಿಡಲ್ಪಟ್ಟವರಲ್ಲಿ ಬಹುಪಾಲು ಬಾಲಿಕೆಯರು ದಲಿತ ಮನೆತನಗಳವರು. ದೇವದಾಸಿಯರೆಲ್ಲರೂ ವೇಶ್ಯಾವೃತ್ತಿಗೆ ಇಳಿದವರೆಂದು ತಿಳಿಯುವದು ತಪ್ಪು. ಹೊಲದ ಕೂಲಿಯಿಂದಲೇ ಬಾಳು ಸಾಗಿಸಿದವರು ಅನೇಕರು. ಆದರೂ ಮುಂಬಯಿ, ಪುಣೆ, ಸಾಂಗಲಿಗಳ ವೇಶ್ಯಾಗೃಹಗಳಿಗೆ ಉತ್ತರ ಕರ್ನಾಟಕದಿಂದ ಹೆಣ್ಣುಮಕ್ಕಳನ್ನು ಸಾಗಿಸಲು ದಳ್ಳಾಳಿಗಳಿಗೆ ಈ ರೂಢಿಯು ಸುಲಭವಾದ ಹಾದಿಯಾಯಿತೆಂಬುದು ನಿರ್ವಿವಾದ.

ಕಾನೂನುಗಳು ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸುವ ಆಜ್ಞೆಯನ್ನು ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣೆಯ ಕಾಯಿದೆ ಬಂದಿತು. ಕರ್ನಾಟಕ ರಾಜ್ಯವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿ, ಸಮರ್ಪಿಸಿದವರಿಗೂ ಅದಕ್ಕೆ ನೆರವಾದವರಿಗೂ ಸೆರೆವಾಸವನ್ನು ವಿಧಿಸಿತು. ಆದಾಗ್ಯೂ 1993-94ರಲ್ಲಿ ರಾಜ್ಯವು ನಡೆಸಿದ ಗಣತಿಯಲ್ಲಿ 22,873 ದೇವದಾಸಿಯರು ಗುರುತಿಸಲ್ಪಟ್ಟರು. 2007-08ರ ಎರಡನೆಯ ಗಣತಿಯಲ್ಲಿ ಇನ್ನೂ 23,787 ಜನರು ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಗುಡ್ಡದ ಮೇಲೆ ಕಾವಲು ಬಿಗಿಯಾದೊಡನೆ ಮುತ್ತು ಕಟ್ಟುವ ವಿಧಿಯು ಮನೆಯೊಳಗೆ, ಕತ್ತಲೆಯಲ್ಲಿ, ಸದ್ದಿಲ್ಲದೆ ನಡೆಯತೊಡಗಿತು. ಕಾನೂನೊಂದೇ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಒಂದೊಂದು ಕಾರಣಕ್ಕೆ ಒಂದೊಂದು ಕೈ

ಕಾನೂನು ಸಾಲದೆಹೋದ ಬಗೆಯನ್ನು ವಿಚಾರಿಸಿದರೆ, ಈ ಅನಿಷ್ಟಕ್ಕೆ ಒಂದೇ ಬೇರು ಇಲ್ಲವೆಂಬುದು ತಿಳಿಯುವದು. ಮಗುವಿನ ತಲೆಯಲ್ಲಿ ಜಡೆ ಕಟ್ಟಿದರೆ ದೇವಿಯ ಕರೆ ಬಂದಿತೆಂದು ಹೆದರುವ ಮನೆಗಳಿದ್ದವು. ಅಲ್ಲಿ ಬೇಕಾದುದು ತಲೆಗೂದಲನ್ನು ತೊಳೆದು ಬಾಚದಿರುವದರಿಂದ ಜಡೆಯಾಗುವದೆಂದು ತಿಳಿಸಿ ಹೇಳಿ, ಅಂಜಿಕೆ ಬಿಡಿಸಿ, ಅದನ್ನು ಕತ್ತರಿಸುವ ಆರೋಗ್ಯ ಸೇವಕಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ದೇವಿಗೆ ಬಿಟ್ಟು, ಅವಳು ಮಗನಂತೆ ಮನೆಯಲ್ಲಿಯೇ ಉಳಿದು ಮುಪ್ಪಿನಲ್ಲಿ ಸಾಕಲಿ ಎಂದು ತಂದೆತಾಯಿಗಳು ಬಯಸುತ್ತಿದ್ದರು. ಅಲ್ಲಿ ಬೇಕಾದುದು ಮಗಳಿಗೂ ಆಸ್ತಿಯ ಹಕ್ಕುಂಟೆಂದು ತಿಳಿಹೇಳುವ ವಕೀಲ, ವೃದ್ಧಾಪ್ಯ ವೇತನವನ್ನು ದೊರಕಿಸುವ ಕಂದಾಯ ಅಧಿಕಾರಿ. ಬಡತನವು ಕಾರಣವಾದಲ್ಲಿ ಭೂಮಿ, ಕೂಲಿ, ಸಾಲಸೌಲಭ್ಯ. ದಳ್ಳಾಳಿಯು ಕಾರಣವಾದಲ್ಲಿ ಪೋಲೀಸ್. ಶಾಲೆ ಬಿಟ್ಟುದು ಕಾರಣವಾದಲ್ಲಿ ಶಿಕ್ಷಕ. ಜಾತಿಯ ತಿರಸ್ಕಾರವು ಕಾರಣವಾದಲ್ಲಿ ಇಡಿಯ ಊರು, ಊರಿನ ಮಠ.

ಇವರಲ್ಲಿ ಯಾರೊಬ್ಬರು ಬಾರದಿದ್ದರೂ ಉಳಿದವರ ಶ್ರಮವು ಸೋರಿಹೋಗುವದು. ಪೋಲೀಸರು ದಳ್ಳಾಳಿಯನ್ನು ಹಿಡಿದರೂ ಮನೆಯ ಸಾಲವು ತೀರದಿದ್ದರೆ ಇನ್ನೊಬ್ಬ ದಳ್ಳಾಳಿಯು ಬರುವನು. ಬ್ಯಾಂಕು ಸಾಲ ಕೊಟ್ಟು ಎಮ್ಮೆಯನ್ನು ಕೊಡಿಸಿದರೂ ಅವಳ ಮನೆಯ ಹಾಲನ್ನು ಊರವರು ಮುಟ್ಟದಿದ್ದರೆ ಎಮ್ಮೆಯನ್ನು ಮಾರಬೇಕಾಗುವದು. ಖಾದಿ ಬಟ್ಟೆಯಲ್ಲಿ ಹಾಸು ಹೊಕ್ಕುಗಳಲ್ಲಿ ಒಂದಿಲ್ಲದಿದ್ದರೆ ಇನ್ನೊಂದಕ್ಕೆ ನೆಲೆಯಿಲ್ಲವೆಂಬುದನ್ನು ಗರಗದ ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಾವಿ ಜಿಲ್ಲೆಯ ಉದಾಹರಣೆ

ಈ ಕೂಡುಕೆಲಸಕ್ಕೆ ಹತ್ತಿರದ ನಿದರ್ಶನವು ಬೆಳಗಾವಿ ಜಿಲ್ಲೆಯಲ್ಲಿಯೇ ಇರುವದು. ಅಥಣಿಯಲ್ಲಿ 1985ರಲ್ಲಿ ವಿಮೋಚನಾ ಸಂಘವು ಹುಟ್ಟಿ, ದೇವದಾಸಿಯರ ಮಕ್ಕಳಿಗೆ ವಸತಿಶಾಲೆಯನ್ನು ನಡೆಸಿತು. ತಾಯಿಯ ಬಾಳು ಮಗಳಿಗೆ ಮರುಕಳಿಸಬಾರದೆಂಬುದು ಅದರ ಉದ್ದೇಶ. 1987ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು ದೇವದಾಸಿ ಪುನರ್ವಸತಿಯ ಕಾರ್ಯವನ್ನು ವಹಿಸಿಕೊಂಡು, 1990ರ ದಶಕದ ಮೊದಲಲ್ಲಿ ಮೈರಾಡ ಸಂಸ್ಥೆಯೊಡನೆ ಕೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸವನ್ನಾರಂಭಿಸಿತು. ಸರಕಾರವು ಹಣವನ್ನೂ ಅಧಿಕಾರವನ್ನೂ, ಸಂಸ್ಥೆಯು ಹಳ್ಳಿಯಲ್ಲಿ ಕುಳಿತು ದುಡಿಯುವ ಜನರನ್ನೂ ಒದಗಿಸಿದವು.

ಆದರೆ ಅತ್ಯಂತ ಮಹತ್ವದ ಹೆಜ್ಜೆಯು 1997ರಲ್ಲಿ ಬಿದ್ದಿತು. ಘಟಪ್ರಭೆಯಲ್ಲಿ ಆ ವರ್ಷ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಸ್ಥಾಪಿತವಾಗಿ, ಹಿಂದೆ ದೇವದಾಸಿಯರಾಗಿದ್ದ ಸ್ತ್ರೀಯರೇ ಅದರ ಸದಸ್ಯರೂ ನಡೆಸುವವರೂ ಆದರು. ಅಲ್ಲಿಯವರೆಗೆ ಸಹಾಯವನ್ನು ಪಡೆಯುತ್ತಿದ್ದವರು ಆಗ ಸಹಾಯವನ್ನು ಸಂಘಟಿಸುವವರಾದರು. ಹಳ್ಳಿಹಳ್ಳಿಗೆ ಹೋಗಿ ಮುತ್ತು ಕಟ್ಟುವದನ್ನು ತಡೆಯುವದು, ಸ್ವಸಹಾಯ ಗುಂಪುಗಳಲ್ಲಿ ಉಳಿತಾಯವನ್ನು ಕೂಡಿಸುವದು, ಕಾನೂನಿನ ತಿಳಿವಳಿಕೆಯನ್ನು ಹಬ್ಬಿಸುವದು ಅವರ ಕೆಲಸವಾಯಿತು. ಪೋಲೀಸ್ ಅಧಿಕಾರಿಯು ನೂರು ಸಲ ಬಂದರೂ ಬಾಯಿ ಬಿಡದ ತಾಯಿಯು, ತನ್ನಂತೆಯೇ ಮುತ್ತು ಕಟ್ಟಿಸಿಕೊಂಡು ಬಾಳಿದವಳು ಅಂಗಳದಲ್ಲಿ ಬಂದು ಕುಳಿತರೆ ಮಾತನಾಡುವಳು. ಏಳು ವರ್ಷದವಳಿದ್ದಾಗ ದೇವಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರು ಈ ಸಂಸ್ಥೆಯ ನಾಯಕಿಯಾಗಿ ದುಡಿದು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಸಂಕವ್ವೆಗೆ ಶರಣರ ನಡುವೆ ದೊರೆತ ಸ್ಥಾನಕ್ಕೆ ಇಂದಿನ ಕಾಲದ ಒಂದು ಸಾಮ್ಯವನ್ನು ಹುಡುಕುವವರು ಇಲ್ಲಿ ನೋಡಬಹುದು.

ಕಾನೂನಿನ ಕೈ

ವೇಶ್ಯಾವೃತ್ತಿಯ ಕುರಿತಾದ ಕೇಂದ್ರ ಕಾಯಿದೆಯು 1956ರಲ್ಲಿ ಆಗಿ 1958ರಲ್ಲಿ ಜಾರಿಗೆ ಬಂದಿತು. 1986ರ ತಿದ್ದುಪಡಿಯಿಂದ ಅದಕ್ಕೆ ಅನೈತಿಕ ವ್ಯಾಪಾರ ತಡೆ ಕಾಯಿದೆ ಎಂಬ ಹೆಸರಾಯಿತು. ವೇಶ್ಯಾಗೃಹವನ್ನು ನಡೆಸುವದು, ಹೆಣ್ಣುಮಕ್ಕಳನ್ನು ತಂದು ಮಾರುವದು, ಅವರ ಗಳಿಕೆಯಿಂದ ಬದುಕುವದು, ಸಾರ್ವಜನಿಕ ಸ್ಥಳಗಳಲ್ಲಿ ಕರೆಯುವದು ಇವು ಅದರಲ್ಲಿ ಅಪರಾಧಗಳು. ವಯಸ್ಸಿಗೆ ಬಂದ ಸ್ತ್ರೀಯು ಈ ವೃತ್ತಿಯಲ್ಲಿರುವದೇ ಒಂದು ಅಪರಾಧವೆಂದು ಆ ಕಾಯಿದೆಯು ಹೇಳುವದಿಲ್ಲ. ಈ ಸೂಕ್ಷ್ಮವನ್ನು ಅರಿಯದವರು ಬಹಳ. ಆದುದರಿಂದಲೇ ದಳ್ಳಾಳಿಯು ತಪ್ಪಿಸಿಕೊಂಡು ಹೋಗಿ, ದಂಡವನ್ನು ಅವಳೇ ಕಟ್ಟುವ ಪ್ರಸಂಗಗಳು ಒದಗುತ್ತ ಬಂದಿವೆ.

ಕೂಡಿ ದುಡಿಯುವ ಕಲ್ಪನೆಯು ಆ ಕಾಯಿದೆಯಲ್ಲಿಯೇ ಇರುವದೆಂಬುದು ಅನೇಕರಿಗೆ ತಿಳಿಯದು. ವಿಶೇಷ ಪೋಲೀಸ್ ಅಧಿಕಾರಿಗೆ ಸಲಹೆ ಕೊಡಲು ಆ ಪ್ರದೇಶದ 5 ಜನರವರೆಗಿನ ಸಮಾಜಸೇವಕರ ಅನಧಿಕೃತ ಮಂಡಳಿಯನ್ನು ನೇಮಿಸಬಹುದು. ಅದರಲ್ಲಿ ಸಾಧ್ಯವಾದಲ್ಲೆಲ್ಲ ಸ್ತ್ರೀಯರೂ ಇರಬೇಕು. ಹೆಣ್ಣುಮಗಳನ್ನು ವಿಚಾರಿಸುವಾಗ ಮಹಿಳಾ ಪೋಲೀಸ್ ಅಧಿಕಾರಿಯೇ ವಿಚಾರಿಸಬೇಕು. ಅಂಥವರು ದೊರೆಯದಿದ್ದರೆ ಮಾನ್ಯ ಸೇವಾಸಂಸ್ಥೆಯ ಮಹಿಳಾ ಸದಸ್ಯೆಯು ಎದುರಿಗಿರಬೇಕು. ಮ್ಯಾಜಿಸ್ಟ್ರೇಟರು ಅವಳ ಮುಂದಿನ ವ್ಯವಸ್ಥೆಯನ್ನು ತೀರ್ಮಾನಿಸುವಾಗ 5 ಜನ ಗೌರವಸ್ಥರ ನೆರವನ್ನು ಪಡೆಯಬಹುದು. ಅವರಲ್ಲಿ ಸಾಧ್ಯವಾದಲ್ಲಿ 3 ಜನ ಸ್ತ್ರೀಯರು. ಊರಿನ ವಿವೇಕಿಗಳಿಗೆ ಕಾನೂನು ಹೀಗೆ ಬಾಗಿಲು ತೆರೆದಿಟ್ಟಿರುವದು. ಆ ಬಾಗಿಲಿನಿಂದ ಒಳಗೆ ಬರುವವರು ಮಾತ್ರ ವಿರಳ.

2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶಗಳು ಈ ಮಾರ್ಗವನ್ನು ಮತ್ತಷ್ಟು ಸ್ಪಷ್ಟಪಡಿಸಿದವು. ಘನತೆಯಿಂದ ಬಾಳುವ ಹಕ್ಕು ಲೈಂಗಿಕ ವೃತ್ತಿಯಲ್ಲಿರುವವರಿಗೂ ಉಂಟು. ದಾಳಿಯಾದಾಗ ಸ್ವೇಚ್ಛೆಯಿಂದ ಇರುವ ವಯಸ್ಕ ಸ್ತ್ರೀಯರನ್ನು ಬಂಧಿಸಿ ಪೀಡಿಸಕೂಡದು. ಅವಳ ಮೇಲೆ ಅತ್ಯಾಚಾರವಾದರೆ ಉಳಿದ ಸ್ತ್ರೀಯರಿಗೆ ಸಲ್ಲುವ ಚಿಕಿತ್ಸೆ, ನೆರವು ಅವಳಿಗೂ ಸಲ್ಲಬೇಕು. ಅವರ ಹೆಸರು, ಭಾವಚಿತ್ರಗಳನ್ನು ಪತ್ರಿಕೆಗಳು ಬಯಲುಮಾಡಕೂಡದು. ತಾಯಿಯು ಈ ವೃತ್ತಿಯಲ್ಲಿರುವಳೆಂಬ ಒಂದೇ ಕಾರಣದಿಂದ ಮಗುವನ್ನು ಅವಳಿಂದ ಅಗಲಿಸಕೂಡದು. ಇವು ಆ ನಿರ್ದೇಶಗಳ ಸಾರ.

ರೋಗದ ಕಾಲದಲ್ಲಿ ಕಲಿತುದು

ಎಚ್.ಐ.ವಿ. ರೋಗವು ಹಬ್ಬಿದ ಕಾಲದಲ್ಲಿ ಆರೋಗ್ಯ ಇಲಾಖೆಯು ಒಂದು ದೊಡ್ಡ ಪಾಠವನ್ನು ಕಲಿಯಿತು. ಹೆದರಿಸಿ ಓಡಿಸಿದಷ್ಟೂ ಈ ಸ್ತ್ರೀಯರು ಕತ್ತಲೆಗೆ ಸರಿದು, ರೋಗವು ಅವರನ್ನೂ ಅವರ ಬಳಿಗೆ ಬರುವ ಗಂಡಸರ ಮನೆಗಳನ್ನೂ ಹೊಕ್ಕಿತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪಿತವಾಗಿ, ಸರಕಾರದ ಏಡ್ಸ್ ತಡೆ ಸೊಸೈಟಿಯೊಡನೆ ಅನೇಕ ಜಿಲ್ಲೆಗಳಲ್ಲಿ ಕೆಲಸವು ನಡೆಯಿತು. ಆ ಸ್ತ್ರೀಯರಲ್ಲಿಯೇ ಕೆಲವರನ್ನು ಆರಿಸಿ, ತರಬೇತಿಯನ್ನಿತ್ತು, ಉಳಿದವರನ್ನು ಚಿಕಿತ್ಸೆಗೆ ಕರೆತರುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಪೋಲೀಸರಿಗೂ ಈ ವಿಷಯದಲ್ಲಿ ಶಿಕ್ಷಣವಾಯಿತು. ಏಕೆಂದರೆ ಪೋಲೀಸರ ಭಯವಿರುವವರೆಗೆ ಆಸ್ಪತ್ರೆಯ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಮೈಸೂರಿನಲ್ಲಿ 2005ರಲ್ಲಿ ರೂಪುಗೊಂಡ ಆಶೋದಯ ಸಮಿತಿಯು ಈ ಸ್ತ್ರೀಯರೇ ನಡೆಸುವ ಸಂಸ್ಥೆಯಾಗಿ ಹೆಸರಾಯಿತು. ಘಟಪ್ರಭೆಯಲ್ಲಿ ಪುನರ್ವಸತಿಯಿಂದ ಹೊರಟವರೂ ಮೈಸೂರಿನಲ್ಲಿ ಆರೋಗ್ಯದಿಂದ ಹೊರಟವರೂ ಕೊನೆಗೆ ತಲುಪಿದ ನೆಲೆ ಒಂದೇ: ಯಾರಿಗಾಗಿ ಕೆಲಸವೋ ಅವರು ಕೆಲಸದ ಒಡನಾಡಿಗಳಾಗಬೇಕು.

ಕೂಡಿ ನಡೆಯುವ ಕ್ರಮ

ಮಾತನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಯಾವದೋ ಒಂದು ಪಟ್ಟಣದಲ್ಲಿ ಮೂವತ್ತು ವರ್ಷದ ಸ್ತ್ರೀಯೊಬ್ಬಳು ಈ ವೃತ್ತಿಯನ್ನು ಬಿಡಬಯಸುವಳು. ಅವಳಿಗೆ ಸಾಲವುಂಟು, ಎಂಟು ವರ್ಷದ ಮಗನುಂಟು, ಪಡಿತರ ಚೀಟಿಯಿಲ್ಲ, ಮೈಯಲ್ಲಿ ಸ್ವಸ್ಥವಿಲ್ಲ. ಚೀಟಿಗಾಗಿ ಆಹಾರ ಇಲಾಖೆ, ಚಿಕಿತ್ಸೆಗಾಗಿ ಜಿಲ್ಲಾ ಆಸ್ಪತ್ರೆ, ಸಾಲಿಗನ ಕಾಟಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹೊಸ ಕಸುಬಿಗಾಗಿ ಮಹಿಳಾ ಅಭಿವೃದ್ಧಿ ನಿಗಮ, ಮಗನಿಗಾಗಿ ಶಾಲೆ; ಹೀಗೆ ಐದು ಬಾಗಿಲುಗಳನ್ನು ಅವಳು ತಟ್ಟಬೇಕು. ಪ್ರತಿಯೊಂದು ಬಾಗಿಲಲ್ಲಿಯೂ ಹೊಸಬರ ಮುಂದೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಧೈರ್ಯವು ಉಡುಗಿ, ಹಿಂದಿನ ಓಣಿಗೆ ಮರಳುವಳು. ಯಾವ ಇಲಾಖೆಯೂ ಇಲ್ಲವೆಂದು ಹೇಳಲಿಲ್ಲ. ಆದರೂ ಅವಳಿಗೆ ಏನೂ ದೊರೆಯಲಿಲ್ಲ.

ಇದಕ್ಕೆ ಅನುಭವವು ಕಲಿಸಿದ ಕ್ರಮಗಳು ಕೆಲವು. ಮೊದಲನೆಯದಾಗಿ, ಅವಳು ನಂಬುವ ಒಬ್ಬ ಕಾರ್ಯಕರ್ತೆಯು ಐದೂ ಬಾಗಿಲುಗಳಿಗೆ ಜೊತೆಯಲ್ಲಿ ಹೋಗಬೇಕು. ಕಥೆಯನ್ನು ಒಮ್ಮೆ ಹೇಳಿದರೆ ಸಾಕಾಗಬೇಕು. ಎರಡನೆಯದಾಗಿ, ಗುಟ್ಟು ಗುಟ್ಟಾಗಿಯೇ ಇರಬೇಕು. ಆಸ್ಪತ್ರೆಯ ಚೀಟಿಯು ಪೋಲೀಸರ ಕೈಗೂ ಪೋಲೀಸರ ಕಡತವು ಶಾಲೆಯ ಕೈಗೂ ಹೋಗಬಾರದು. ಕೂಡಿ ಕೆಲಸ ಮಾಡುವದೆಂದರೆ ಅವಳ ಬಾಳನ್ನು ಎಲ್ಲರೂ ಹಂಚಿಕೊಂಡು ಓದುವದೆಂದಲ್ಲ. ಮೂರನೆಯದಾಗಿ, ಬಿಡುಗಡೆಗೆ ಮೊದಲು ನೆಲೆಯನ್ನು ಅಣಿಮಾಡಬೇಕು. 2022ರಲ್ಲಿ ಕೇಂದ್ರ ಸರಕಾರವು ಸ್ವಾಧಾರ, ಉಜ್ಜ್ವಲಾ ಯೋಜನೆಗಳನ್ನು ಕೂಡಿಸಿ ಶಕ್ತಿ ಸದನವೆಂಬ ವ್ಯವಸ್ಥೆಯನ್ನು ಮಾಡಿತು. ಆದರೆ ಅಂಥ ಸದನದಲ್ಲಿ ಕಸುಬು, ಚಿಕಿತ್ಸೆ, ಸಮಾಧಾನದ ಮಾತು ಇಲ್ಲದಿದ್ದರೆ ಅದು ಇನ್ನೊಂದು ಸೆರೆಮನೆಯಾಗುವದು. ನಾಲ್ಕನೆಯದಾಗಿ, ವಯಸ್ಕಳ ವಿಷಯದಲ್ಲಿ ಅವಳ ಸಮ್ಮತಿಯೇ ಮೊದಲು. ಬಿಡಬಯಸದವಳಿಗೂ ಔಷಧ, ರಕ್ಷಣೆ, ಗೌರವಗಳು ಸಲ್ಲಬೇಕು. ಬಾಲಿಕೆಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಒಪ್ಪಿಗೆಯೆಂಬ ಮಾತೇ ಇಲ್ಲ. ಕಂಡವರು ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕಾಗಲಿ ಪೋಲೀಸರಿಗಾಗಲಿ ತಿಳಿಸಬೇಕು; ಮುಂದಿನ ವ್ಯವಸ್ಥೆಯನ್ನು ಮಕ್ಕಳ ಕಲ್ಯಾಣ ಸಮಿತಿಯು ನೋಡುವದು. ಸ್ತ್ರೀಯರಿಗೆ 181, ಕಾನೂನಿನ ಉಚಿತ ನೆರವಿಗೆ 15100 ಎಂಬ ಸಂಖ್ಯೆಗಳು ಪ್ರತಿಯೊಂದು ಗುಡಿ, ಮಠ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ಇರುವದು ಒಳಿತು.

ಮಠದ ಪಾಲು

ಇಷ್ಟು ಇಲಾಖೆಗಳ ನಡುವೆ ಮಠದ ಪಾಲೇನು? ಸರಕಾರವು ಕೊಡಲಾರದ ಒಂದು ವಸ್ತು ಮಠದಲ್ಲಿರುವದು: ಊರವರ ಕಣ್ಣಿನಲ್ಲಿ ಗೌರವ. ನಿಗಮವು ಸಾಲವನ್ನು ಕೊಡಬಲ್ಲುದು, ನ್ಯಾಯಾಲಯವು ಹಕ್ಕನ್ನು ಕೊಡಬಲ್ಲುದು. ಪಕ್ಕದ ಮನೆಯವಳು ಅವಳ ಕೈಯಿಂದ ನೀರನ್ನು ತೆಗೆದುಕೊಳ್ಳುವಂತೆ ಯಾವ ಆಜ್ಞಾಪತ್ರವೂ ಮಾಡಲಾರದು. ಗುರುಗಳು ಅವಳನ್ನು ಉಳಿದ ಭಕ್ತರ ಸಾಲಿನಲ್ಲಿ ಕೂಡಿಸಿ ಪ್ರಸಾದವನ್ನಿತ್ತರೆ, ಬಯಸಿದಲ್ಲಿ ದೀಕ್ಷೆಯನ್ನಿತ್ತರೆ, ಆ ಊರಿನ ಮಾತೇ ಬದಲಾಗುವದು.

ಎರಡನೆಯದು ಮಕ್ಕಳ ಹೊಣೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯವು ಎಷ್ಟೋ ಬಡ ಮಕ್ಕಳಿಗೆ ಅನ್ನವಿತ್ತು ಓದಿಸಿದ ಕಥೆಯು ಈ ಭಾಗದಲ್ಲಿ ಮನೆಮಾತು. ಇಂಥ ನಿಲಯಗಳ ಬಾಗಿಲಿಗೆ ಈ ತಾಯಂದಿರ ಮಕ್ಕಳು ಬಂದಾಗ ಮೊದಲ ತಡೆಯು ಪ್ರವೇಶಪತ್ರದಲ್ಲಿ ತಂದೆಯ ಹೆಸರಿಗಾಗಿ ಬಿಟ್ಟ ಖಾಲಿ ಜಾಗ. ಉತ್ತರವಿಲ್ಲದ ಮಗುವು ಗುಮಾಸ್ತರ ಎದುರಿಗೆ ತಲೆ ತಗ್ಗಿಸಿ ನಿಲ್ಲುವದು. ಗೌರವ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಕ್ಕಳಿಗೆ ಪ್ರತ್ಯೇಕ ಶಾಲೆ, ಪ್ರತ್ಯೇಕ ವಸತಿಗೃಹ ಬೇಡ, ಅವರು ಎಲ್ಲ ಮಕ್ಕಳೊಡನೆ ಬೆರೆತು ಬೆಳೆಯಬೇಕೆಂದು ಹೇಳಿರುವದು. 2025ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯು ಅಂಗೀಕರಿಸಿದ ದೇವದಾಸಿ ಪದ್ಧತಿಯ ಮಸೂದೆಯಲ್ಲಿಯೂ ತಂದೆಯ ಹೆಸರಿಗಾಗಿ ಈ ಮಕ್ಕಳನ್ನು ಒತ್ತಾಯಿಸಬಾರದೆಂಬ ಉದ್ದೇಶವು ಸೇರಿತು. ಜಾತಿ ಕುಲಗಳನ್ನು ಕೇಳಬಾರದೆಂದು ಎಂಟುನೂರು ವರ್ಷಗಳ ಹಿಂದೆ ಸಾರಿದ ಪರಂಪರೆಯ ನಿಲಯಗಳು ಕಾಯಿದೆಯ ಒತ್ತಾಯಕ್ಕೆ ಕಾಯದೆ, ತಾಯಿಯ ಹೆಸರೊಂದೇ ಸಾಕೆಂದು ಬರೆದುಕೊಳ್ಳಬಹುದು. ಇದಕ್ಕೆ ಹಣ ಬೇಕಾಗಿಲ್ಲ, ಸರಕಾರದ ಮಂಜೂರಾತಿಯೂ ಬೇಕಾಗಿಲ್ಲ.

ಮೂರನೆಯದು ಗಂಡಸರಿಗೆ ಮಾಡಬೇಕಾದ ಉಪದೇಶ. ವೇಶ್ಯಾವೃತ್ತಿಯ ಮಾತು ಬಂದಾಗಲೆಲ್ಲ ಹೆಣ್ಣಿನ ಶೀಲದ ಚರ್ಚೆಯಾಗುವದೇ ಹೊರತು, ಹಣ ಕೊಟ್ಟು ಹೋಗುವವನ ಶೀಲದ ಚರ್ಚೆಯಾಗುವದು ಅಪರೂಪ. ಪರಸ್ತ್ರೀಯನ್ನು ತಾಯಿಯೆಂದು ಕಾಣಬೇಕೆಂಬ ಶರಣರ ನಿಯಮವು ಗಂಡಸಿಗೆ ಹೇಳಿದ ನಿಯಮ. ಜಾತ್ರೆಯ ಪ್ರವಚನದಲ್ಲಿ ಸಾವಿರಾರು ಗಂಡಸರು ಮುಂದೆ ಕುಳಿತಿರುವಾಗ ಈ ಮಾತನ್ನು ಬಿಚ್ಚಿ ಹೇಳುವ ಅವಕಾಶವು ಮಠಕ್ಕಿರುವಷ್ಟು ಯಾವ ಇಲಾಖೆಗೂ ಇಲ್ಲ.

ನಾಲ್ಕನೆಯದು ಒಂದು ಸಂಯಮ. ಸಹಾಯ ಪಡೆದವಳನ್ನು ವೇದಿಕೆಗೆ ಕರೆದು, ಸೀರೆಯನ್ನಿತ್ತು, ಭಾವಚಿತ್ರ ತೆಗೆಸಿ ಪತ್ರಿಕೆಗೆ ಕಳಿಸುವ ರೂಢಿಯು ಅವಳನ್ನು ಇನ್ನೊಮ್ಮೆ ಸಂತೆಯಲ್ಲಿ ನಿಲ್ಲಿಸಿದಂತೆ. ಅನ್ನಕ್ಕೆ ಪ್ರತಿಯಾಗಿ ಪಶ್ಚಾತ್ತಾಪದ ಕಥೆಯನ್ನು ಕೇಳುವದೂ ಒಂದು ಬಗೆಯ ಒತ್ತೆಯೇ. ಸಂಕವ್ವೆಯು ತನ್ನ ಬಾಳನ್ನು ತಾನೇ, ತನ್ನ ಮಾತಿನಲ್ಲಿ, ತನಗೆ ಬೇಕಾದಾಗ ನುಡಿದಳು. ಆ ಅಧಿಕಾರವು ಇಂದಿನವಳಿಗೂ ಇರಬೇಕು.

ಅಭ್ಯಾಸಕ್ಕೆ

ಈ ಪಾಠವನ್ನು ಓದಿದ ಅನುಭವಗೋಷ್ಠಿಗಳು ಮುಂದಿನ ಪ್ರಶ್ನೆಗಳನ್ನು ಚರ್ಚಿಸಬಹುದು.

1. ತಮ್ಮ ಊರಿನಲ್ಲಿ ಹೆಣ್ಣುಮಗಳೊಬ್ಬಳು ದಳ್ಳಾಳಿಯ ಕೈಗೆ ಬೀಳುವ ಮೊದಲು ಯಾರಿಗೆ ಯಾರಿಗೆ ಆ ಸುಳಿವು ದೊರೆಯುವದು? ಅಂಗನವಾಡಿಯ ಕಾರ್ಯಕರ್ತೆ, ಶಿಕ್ಷಕ, ಆಶಾ ಕಾರ್ಯಕರ್ತೆ, ಮಠದ ಭಕ್ತೆ ಇವರು ಒಬ್ಬರೊಡನೊಬ್ಬರು ಮಾತನಾಡುವ ಸಂದರ್ಭವು ಇರುವದೇ?

2. ಮಠದ ಶಾಲೆ, ಪ್ರಸಾದನಿಲಯಗಳ ಪ್ರವೇಶಪತ್ರದಲ್ಲಿ ತಂದೆಯ ಹೆಸರಿಲ್ಲದ ಮಗುವಿಗೆ ಇಂದು ಏನು ಉತ್ತರ ದೊರೆಯುವದು?

3. ಕಾನೂನು ಹೇಳುವ 5 ಜನರ ಮಂಡಳಿಗೆ ಹೆಸರು ಕೊಡಬೇಕೆಂದು ಪೋಲೀಸ್ ಅಧಿಕಾರಿಯು ಕೇಳಿದರೆ, ಮಠವು ಯಾರ ಹೆಸರುಗಳನ್ನು ಕೊಡುವದು? ಅವರಲ್ಲಿ ಈ ಬಾಳನ್ನು ಸ್ವತಃ ಬಲ್ಲ ಸ್ತ್ರೀಯೊಬ್ಬಳ ಹೆಸರಿಗೆ ಎಡೆಯುಂಟೇ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಬರೆಯುವಾಗ ಗೋಷ್ಠಿಯು ಶಿವಶರಣೆಯರ ನಾಮಾವಳಿಯನ್ನು ಇನ್ನೊಮ್ಮೆ ತೆರೆದು, ಅದರಲ್ಲಿ ಸಂಕವ್ವೆಯ ಹೆಸರನ್ನು ಯಾವ ಸಾಲಿನಲ್ಲಿ ಬರೆದಿರುವರೆಂಬುದನ್ನು ನೋಡಿಕೊಳ್ಳಲಿ.